ನವಿಲಿನ ಕೊರಳೊಳಗೆ ಮಾಸ್ತರರ ಮೊಣಕೈ

ಪ್ರತಿ ಮನೆಯಲ್ಲೂ ತೆರೆಯದ ಖಿಡಕಿಯೊಂದು ಇದ್ದೇ ಇರುತ್ತದೆ. ನಿಮ್ಮ ಮನೆಯಲ್ಲಿ ಇಲ್ಲ ಅಂತೀರಾ? ಎದ್ದು ಹೋಗಿ ಹಿಂದಿನ ಕೋಣೆಯ ಟ್ರಂಕು ಸರಿಸಿ ನೋಡಿ, ಆಮೇಲೆ ಮಾತಾಡೋಣ. ಮನೆ ಕಟ್ಟಿಸಿದ ಹೊಸತರಲ್ಲಿ ಗಾಳಿ ಬೆಳಕು ಬರಲಿ ಅಂತ ಅದನ್ನು ಇಡಿಸಿರುತ್ತೇವೆ. ಗಾಳಿಯ ಹಿಂದೆ ಧೂಳು ಬಂತು, ಧೂಳಿನ ಹಿಂದೆ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಮಂಗ ಬಂತು. ಒಂದೊಂದಕ್ಕೂ ಬಂದೋಬಸ್ತು ಮಾಡುತ್ತ ಮೊದಲು ಪರದೆ, ಆಮೇಲೆ ಜಾಳಿಗೆ, ಆಮೇಲೆ ಟ್ರಂಕು, ಟ್ರಂಕಿನ ಮೇಲೆ ಗಾದಿಯ ಸುರುಳಿ, ಅದರ ಮೇಲೆ ಯಾರದೋ ಮದುವೆಯಲ್ಲಿ ಬಂದ ಗೋಡೆ ಗಡಿಯಾರದ ಖಾಲಿ ಡಬ್ಬಿ. ಇಷ್ಟಾದ ಮೇಲೆ ಖಿಡಕಿಗೂ ತಾನು ಖಿಡಕಿ ಅನ್ನುವುದು ನೆನಪಿರುವುದಿಲ್ಲ.

ಚಿಟಗುಪ್ಪದ ನಮ್ಮ ಮನೆಯ ಖಿಡಕಿಯಾದರೋ ಊರಲ್ಲೆಲ್ಲ ಹೆಸರುವಾಸಿ. ಅದಕ್ಕೆ ಕಾರಣ ಅದರ ಗ್ರಿಲ್ಲು. ಗ್ರಿಲ್ಲಿಗೆ ಕಾರಣ ನಾನು.

ನಮ್ಮ ಕಡೆ ಗ್ರಿಲ್ಲನ್ನು ಕಿಲೋ ಲೆಕ್ಕದಲ್ಲಿ ಮಾಡಿಕೊಡುತ್ತಾರೆ. ಡಿಸೈನು ಎಷ್ಟು ಸುತ್ತಿಕೊಂಡಿರುತ್ತದೋ ಅಷ್ಟು ಸಲಾಕಿ, ಅಷ್ಟು ತೂಕ, ಅಷ್ಟು ರೊಕ್ಕ. ವೆಲ್ಡಿಂಗಿನವನು "ಮೂರು ಸೂತು ಸಾಕ್ರಿ ಸರ್" ಅಂದ. ನಾನು "ನಾಲ್ಕು ಸೂತು ಇರ್ಲಿ" ಅಂದೆ. 8 ಸೂತಿಗೆ ಒಂದು ಇಂಚು. ಅಂದರೆ ಅರ್ಧ ಇಂಚು ದಪ್ಪದ ಚೌಕ ಸಲಾಕಿ. ಅಷ್ಟು ಕಾಯುವಂಥದು ಒಳಗೆ ಏನಿತ್ತು ಅಂತ ಕೇಳಬೇಡಿ. ಇದ್ದ ರೊಕ್ಕವೆಲ್ಲ ಗ್ರಿಲ್ಲಿಗೇ ಹೋಗಿದ್ದರಿಂದ ಕಳ್ಳನೇನಾದರೂ ಬಂದಿದ್ದರೆ ಗ್ರಿಲ್ಲನ್ನೇ ಬಿಚ್ಚಿಕೊಂಡು ಹೋಗಬೇಕಿತ್ತು.

ಗ್ರಿಲ್ಲಿನ ನಟ್ಟನಡುವೆ ತೆರೆಯುವ ಒಂದು ಸಣ್ಣ ಬಾಗಿಲು ಇಡಿಸಿದೆ. ಮನೆಗೆ ಬೆಂಕಿ ಬಿದ್ದರೆ, ಮುಂಬಾಗಿಲ ಕೀಲಿಕೈ ಕಳೆದರೆ, ಅದರಿಂದ ಪಾರಾಗಬಹುದು ಅನ್ನುವ ದೂರಾಲೋಚನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಿಗೆ ಇಷ್ಟಾದರೂ ತಲೆ ಓಡಬೇಡವೇ! ಆ ಬಾಗಿಲ ಮೇಲೆ ಒಂದು ನವಿಲು. ಲಗ್ನಪತ್ರಿಕೆಯ ಹಿಂಬದಿಯಲ್ಲಿ ನಾನೇ ಚಿತ್ರ ಬರೆದುಕೊಟ್ಟಿದ್ದೆ. ಅರ್ಧ ಮುಗಿದಾಗ ವೆಲ್ಡಿಂಗಿನವನು, "ಸರ್, ಗರಿ ಜಾಸ್ತಿ ಆದ್ರ ತೂಕ ಜಾಸ್ತಿ ಆಗ್ತದ್ರಿ" ಅಂದ. ನಾನು ಕಿಸೆ ಮುಟ್ಟಿ ನೋಡಿಕೊಂಡು ಬಾಲ ಮೊಟಕು ಮಾಡಿಸಿದೆ. ಬಾಲವಿಲ್ಲದ ನವಿಲು ಅಚ್ಚುಕಟ್ಟಾಗಿ ಕೋಳಿಯಾಗಿ ಗೋಡೆಗೆ ಬಂದು ಕೂತಿತು. ಅಂದಿನಿಂದ ನಾನು ಓಣಿಗೆ 'ಕೋಳಿ ಖಿಡಕಿ ಮಾಸ್ತರ'. ಹುಮನಾಬಾದ ತಾಲೂಕಿನಲ್ಲಿದ್ದ ಊರು ತಾನೇ ತಾಲೂಕಾಯಿತು, ಕಚೇರಿಗಳು ಬಂದವು, ಬೋರ್ಡುಗಳು ಬದಲಾದವು. ನನ್ನ ವಿಳಾಸ ಮಾತ್ರ ಬದಲಾಗಲಿಲ್ಲ. ಹೈದರಾಬಾದಿನಲ್ಲಿ ನೌಕರಿ ಮಾಡುವ ಮಗ ಈ ಬೇಸಿಗೆಗೆ ಒಂದು ಕೂಲರ್ ಕಳಿಸಿದಾಗ, ಟೆಂಪೋದವನು ಮನೆ ನಂಬರ್ ಓದುವ ಗೋಜಿಗೇ ಹೋಗದೆ ಕೋಳಿ ನೋಡಿ ಬ್ರೇಕ್ ಹಾಕಿದ.

ಎಲ್ಲ ತಾಪತ್ರಯ ಶುರುವಾದದ್ದು ಆ ಕೂಲರಿನಿಂದ.

ಬೀದರ ಜಿಲ್ಲೆ ಎತ್ತರದಲ್ಲಿದೆ, ಹವೆ ಹಿತಕರ ಅಂತ ನಮ್ಮ ಶಾಲೆಯ ಭೂಗೋಳದ ಮಾಸ್ತರರು ಕಲಿಸುತ್ತಿದ್ದರು. ಏಪ್ರಿಲ್ ತಿಂಗಳಲ್ಲಿ ಈ ಪಾಠ ಮಾಡುವಾಗ ಅವರ ತಲೆಯ ಮೇಲೆ ಒದ್ದೆ ಟವೆಲ್ ಇರುತ್ತಿತ್ತು. ಕೂಲರ್ ನಮ್ಮ ಒಣ ಬೇಸಿಗೆಗೆ ಹೇಳಿ ಮಾಡಿಸಿದ್ದು. ಮೂರು ಕಡೆ ಹುಲ್ಲಿನ ಪ್ಯಾಡು, ಕೆಳಗೆ ನೀರು, ನಡುವೆ ಫ್ಯಾನು. ಹೊರಗಿನ ಒಣ ಗಾಳಿ ಒದ್ದೆ ಹುಲ್ಲಿನೊಳಗಿಂದ ಹಾಯುವಾಗ ನೀರು ಆವಿಯಾಗಿ ಗಾಳಿಯ ಕಾವು ಹೀರಿಕೊಳ್ಳುತ್ತದೆ. ಮಂಗಳೂರಿನಲ್ಲಿ ಈ ಆಟ ನಡೆಯುವುದಿಲ್ಲ, ಅಲ್ಲಿ ಗಾಳಿ ಮೊದಲೇ ತೊಯ್ದಿರುತ್ತದೆ. ಒಂದೇ ಷರತ್ತು: ಕೂಲರಿನ ಮೈ ಮನೆಯ ಹೊರಗಿರಬೇಕು, ಬಾಯಿ ಒಳಗಿರಬೇಕು. ಮುಚ್ಚಿದ ಕೋಣೆಯಲ್ಲಿ ಇಟ್ಟರೆ ಅದೇ ತೇವವನ್ನು ತಿರುಗಿ ತಿರುಗಿ ಮುಖಕ್ಕೆ ಊದುತ್ತದೆ. ಇದನ್ನೆಲ್ಲ ನಾನು ಮನೆಯಾಕೆಗೆ ಚೆನ್ನಾಗಿ ವಿವರಿಸಿ, ಅವತ್ತು ರಾತ್ರಿ ಸೊಂಟ ನೋಯುತ್ತಿದೆ ಅಂತ ಕೂಲರನ್ನು ಕೋಣೆಯೊಳಗೇ ಇಟ್ಟು ಹಚ್ಚಿ ಮಲಗಿದೆ. ಬೆಳಿಗ್ಗೆ ಎದ್ದರೆ ಉಪ್ಪಿನ ಭರಣಿಯಲ್ಲಿ ನೀರು. ಬೇಸಿಗೆಗೆಂದು ಮಾಡಿಟ್ಟ ಹಪ್ಪಳಗಳನ್ನು ಕರ್ಚೀಫು ಮಡಚಿದಷ್ಟು ಸುಲಭವಾಗಿ ಮಡಚಬಹುದಿತ್ತು.

"ಖಿಡಕ್ಯಾಗಿನ ಬಾಗಲಾ ತೆಗೀರಿ. ಕೂಲರ್ ಹೊರಗ ಇಡ್ರಿ" ಅಂದಳು ಮನೆಯಾಕೆ.

"ಅದೇನು ದೊಡ್ಡ ಮಾತು" ಅಂದೆ. ಗಂಡಸರು ಈ ಮಾತು ಆಡಿದ ಗಳಿಗೆಯನ್ನು ಹೆಂಗಸರು ಎಲ್ಲೋ ಗುಟ್ಟಾಗಿ ಬರೆದಿಡುತ್ತಾರೆ ಅಂತ ನನಗೆ ಅನುಮಾನ.

ಮೊದಲು ಕೀಲಿ. ಆ ಬಾಗಿಲಿಗೆ ಹಾಕಿದ ಕೀಲಿಗೆ ಕೀಲಿಕೈ ಎಲ್ಲಿ? ನಮ್ಮ ಮನೆಯಲ್ಲಿ ಬಿಸ್ಕೀಟಿನ ತಗಡಿನ ಡಬ್ಬಿಯೊಂದಿದೆ. ಅದರ ತುಂಬ ಕೀಲಿಕೈ. ಅವು ತೆರೆಯುವ ಕೀಲಿಗಳು ಈಗ ಭೂಮಿಯ ಮೇಲೆ ಇಲ್ಲ. ಅದೇ ರೀತಿ ಅಟ್ಟದ ಮೇಲಿನ ಚೀಲದಲ್ಲಿ ಕೀಲಿಗಳಿವೆ. ಅವುಗಳ ಕೀಲಿಕೈ ಈ ಡಬ್ಬಿಯಲ್ಲಿಲ್ಲ. ಮಧ್ಯಾಹ್ನದ ತನಕ ಫರಸಿಯ ಮೇಲೆ ಕೂತು ಒಂದೊಂದನ್ನೇ ಒರೆಸಿ ಜೋಡಿಸಿದೆ. ಆಮೇಲೆ ಮನೆಯಾಕೆ ಬಂದು ಖಿಡಕಿಯ ಕೀಲಿಯನ್ನು ಸುಮ್ಮನೆ ಕೈಯಲ್ಲಿ ಹಿಡಿದು ಜಗ್ಗಿದಳು. ಅದು ಕಳಚಿ ನೇರ ನನ್ನ ಕಾಲ ಹೆಬ್ಬೆರಳ ಮೇಲೆ ಬಿತ್ತು. ಇಷ್ಟು ವರ್ಷ ಕೀಲಿ ಬಿದ್ದೇ ಇರಲಿಲ್ಲ. ನಾವು ರಾತ್ರಿ ಎಷ್ಟು ನೆಮ್ಮದಿಯಿಂದ ಮಲಗುತ್ತಿದ್ದೆವು!

ಕೀಲಿ ಹೋಯಿತು. ಬಾಗಿಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನೂಕಿದೆ, ಜಗ್ಗಿದೆ, ಭುಜ ಕೊಟ್ಟೆ, ಕಾಲು ಕೊಟ್ಟೆ. ನವಿಲು ನನ್ನನ್ನು ನೋಡುತ್ತ ಕೂತಿತ್ತು.

ಆಗ ನನ್ನೊಳಗಿನ ಮಾಸ್ತರ ಎದ್ದ. ಸೀಮೆಸುಣ್ಣ ಹುಡುಕಿ ತಂದು ಫರಸಿಯ ಮೇಲೆ ಚಿತ್ರ ಬರೆದೆ. "ನೋಡು, ಕಬ್ಬಿಣಕ್ಕ ನೀರು, ಆಮ್ಲಜನಕ ಕೂಡಿದ್ರ ಜಂಗು. ಆ ಜಂಗು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ತಿಂತದ. ಬಿಜಾಗರಿ ಒಳಗ ಜಾಗ ಎಲ್ಲಿಂದ ಬರಬೇಕು? ಅದಕ್ಕ ಗಟ್ಟಿಯಾಗಿ ಕಚ್ಚಿ ಕುಂತದ."

"ಅಂದ್ರ ದಪ್ಪ ಆಗ್ಯಾದ ಅನ್ರಿ. ನೀವೂ ಆಗೀರಿ. ಆದ್ರೂ ಬಾಗಲದಾಗ ಹಾಯ್ತೀರಲ್ಲ?"

ನಾನು ಕೇಳದವನ ಹಾಗೆ ಮುಂದುವರಿದೆ. ದಿಲ್ಲಿಯ ಮೆಹ್ರೌಲಿಯಲ್ಲಿ ಗುಪ್ತರ ಕಾಲದ ಕಬ್ಬಿಣದ ಸ್ತಂಭವಿದೆ, 1,600 ವರ್ಷದಿಂದ ಮಳೆ ಬಿಸಿಲಿಗೆ ನಿಂತಿದೆ, ಸುಮಾರು 7 ಮೀಟರ್ ಎತ್ತರ, 6 ಟನ್ ತೂಕ; ಅದರ ಕಬ್ಬಿಣದಲ್ಲಿ ರಂಜಕ ಹೆಚ್ಚಿರುವುದರಿಂದ ಮೈಮೇಲೆ ತೆಳ್ಳನೆಯ ಪದರ ಕಟ್ಟಿಕೊಂಡು ಜಂಗನ್ನು ತಡೆದಿದೆ, ಕಾನಪುರ ಐಐಟಿಯ ಪ್ರೊಫೆಸರ್ ಆರ್. ಬಾಲಸುಬ್ರಮಣ್ಯಂ ಇದನ್ನೆಲ್ಲ ಬಿಡಿಸಿ ಬರೆದಿದ್ದಾರೆ, ಅಂತ ಹೇಳಿದೆ.

"ಅದಕ್ಕ ಯಾರೂ ಕೂಲರ್ ಹಚ್ಚಬೇಕಾಗಿಲ್ಲಲ್ರಿ" ಅಂದಳು. ಈ ವಾದಕ್ಕೆ ಐಐಟಿಯಲ್ಲೂ ಉತ್ತರ ಸಿಗಲಾರದು.

ಅಷ್ಟಕ್ಕೂ ದಿಲ್ಲಿಗೆ ಯಾಕೆ ಹೋಗಬೇಕು? ನಮ್ಮ ಬೀದರಿನಲ್ಲೇ ಸತುವಿಗೆ ತಾಮ್ರ ಬೆರೆಸಿ, ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಅದ್ದಿ ತೆಗೆದು ಬಿದರಿಯ ಹೂಜಿ ಮಾಡುತ್ತಾರೆ. ಮಣ್ಣು ತಾಗಿ ಲೋಹ ಕಪ್ಪಗಾದದ್ದಕ್ಕೇ ಅಷ್ಟು ಬೆಲೆ. ಆ ಕಲೆಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು, ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅದೇ ಜಿಲ್ಲೆಯಲ್ಲಿ, ನೀರು ತಾಗಿ ಲೋಹ ಕೆಂಪಗಾದದ್ದಕ್ಕೆ ನನಗೆ ಬಂದದ್ದು ಬೈಗುಳ.

ಎಣ್ಣೆ ಬಿಟ್ಟರೆ ಸಡಿಲಾಗುತ್ತದೆ ಅಂದರು ಬಾಜೂ ಮನೆಯ ನಿವೃತ್ತ ಲೈನ್‌ಮನ್. ಇಂಥದಕ್ಕೆಲ್ಲ ಹಿಂದೆ ಚಿಮಣಿ ಎಣ್ಣೆ ಇತ್ತು. ಈಗ ಅದು ಕಣ್ಣಿಗೂ ಬೀಳುವುದಿಲ್ಲ. ಮನೆಯಾಕೆ ಭಜಿ ಕರಿಯಲು ಇಟ್ಟ ಶೇಂಗಾ ಎಣ್ಣೆಯನ್ನು ಒಂದು ಬಟ್ಟಲು ಎತ್ತಿ ತಂದು ಬಿಜಾಗರಿಗಳಿಗೆ ಧಾರಾಳವಾಗಿ ಸುರಿದೆ. ಸಂಜೆ ಹೊತ್ತಿಗೆ ಇರುವೆಗಳು ಬಂದವು. ಅವು ಹೊರಗಿನಿಂದ ಗ್ರಿಲ್ಲಿನ ಸಂದಿಯಲ್ಲಿ ಸಲೀಸಾಗಿ ಒಳಗೆ ಬಂದು, ಟ್ರಂಕು ಹತ್ತಿ, ಗಾದಿ ದಾಟಿ, ಸಕ್ಕರೆ ಡಬ್ಬಿಯ ದಾರಿ ಕಂಡುಕೊಂಡವು. ನಾಲ್ಕು ಸೂತಿನ ಸಲಾಕಿ ತಡೆಯಬೇಕಾದದ್ದು ಬೇರೆ ಯಾರನ್ನೋ.

ಮರುದಿನ ಹಾರ್ಡವೇರ್ ಅಂಗಡಿಯಿಂದ ಜಂಗು ಬಿಡಿಸುವ ಸ್ಪ್ರೇ ಡಬ್ಬಿ ತಂದೆ. ತರುವಾಗಲೇ ಮಾತು ರೆಡಿ ಮಾಡಿಕೊಂಡಿದ್ದೆ. "ಇದರ ಇತಿಹಾಸ ಗೊತ್ತೇನು ನಿನಗ? ಅಮೆರಿಕಾದ ಸ್ಯಾನ್ ಡಿಯಾಗೋದಾಗ 1953ರಾಗ ಅಟ್ಲಾಸ್ ಕ್ಷಿಪಣಿಗೆ ಜಂಗು ಹಿಡೀಬಾರದಂತ ಒಂದು ಕಂಪನಿಯವರು ನೀರು ಓಡಿಸೋ ಔಷಧ ಹುಡುಕಲತ್ತಿದ್ರು. 39 ಸಲ ಸೋತರು. 40ನೇ ಸಲ ಗೆದ್ದರು. ಅದಕ್ಕೇ ಅದರ ಹೆಸರು ಡಬ್ಲ್ಯೂಡಿ-40. ಇದು ಅದೇ ಜಾತಿಯದು. ಪ್ರಯತ್ನ ಬಿಡಬಾರದು."

"ನೀವು 40 ಸಲ ಮಾಡೋತನಾ ಮಿರಗಾ ಮಳಿ ಬರ್ತದ. ಕೂಲರ್ ಯಾರಿಗೆ ಬೇಕು ಆಗ?"

ಡಬ್ಬಿಯ ಮೇಲೆ ಬರೆದದ್ದನ್ನು ಓದಲು ಕನ್ನಡಕ ಹಾಕಿಕೊಂಡೆ. ಒಳ್ಳೆಯದೇ ಆಯಿತು, ಮೂತಿ ಯಾವ ಕಡೆ ಇದೆ ಅಂತ ನೋಡುತ್ತ ಒತ್ತಿದಾಗ ಮೊದಲ ಫವಾರೆ ಕನ್ನಡಕಕ್ಕೇ ಹೊಡೆಯಿತು. ಕಣ್ಣು ಉಳಿದವು. ಕನ್ನಡಕದ ಕೀಲುಗಳು ಅವತ್ತಿನಿಂದ ಎಷ್ಟು ಹಗುರಾಗಿ ಮಡಚುತ್ತವೆ ಅಂದರೆ ಮೂಗಿನ ಮೇಲೆ ನಿಲ್ಲುವುದೇ ಇಲ್ಲ. ಬಾಗಿಲು ಜುಮ್ ಅನ್ನಲಿಲ್ಲ. ಸ್ಪ್ರೇ ಹೊಡೆದು ಒಂದಿಷ್ಟು ಹೊತ್ತು ಬಿಡಬೇಕು ಅಂತ ಬರೆದಿತ್ತಂತೆ. ಒದ್ದೆ ಕನ್ನಡಕದಲ್ಲಿ ಅದು ಕಾಣಬೇಕಲ್ಲ!

ಹಥೋಡಿ ಹಿಡಿದು ಹೊರಗೆ ಬಂದಾಗ ಓಣಿ ಕೂಡಿತು. ಮದುವೆಗೆ ಕರೆದರೆ ತಡವಾಗಿ ಬರುವ ಜನ ಹಥೋಡಿ ಸದ್ದಿಗೆ ಎಷ್ಟು ಬೇಗ ಬರುತ್ತಾರೆ ನೋಡಿ. ಕೆಳಗಿಂದ ಹೊಡೀರಿ ಅಂದ ಒಬ್ಬ. ಮ್ಯಾಲಿಂದ ಹೊಡೀರಿ ಅಂದ ಇನ್ನೊಬ್ಬ. ಎದುರು ಮನೆಯ ಆಯಿ ಕಟ್ಟೆಯ ಮೇಲೆ ಕೂತು, "ಮಾಸ್ತರ, ಕೋಳಿಗಿ ಹೊಡೀಬ್ಯಾಡ, ಪಾಪ" ಅಂದಳು. ಬೈಕ್ ನಿಲ್ಲಿಸಿ ನೋಡುತ್ತಿದ್ದ ಯುವಕನೊಬ್ಬ ಹತ್ತಿರ ಬಂದು ಕೈಮುಗಿದ. ನನ್ನ ಹಳೆಯ ವಿದ್ಯಾರ್ಥಿ. ಊರಲ್ಲಿ ಬೈಕ್ ಇದ್ದವರಲ್ಲಿ ಅರ್ಧದಷ್ಟು ಜನ ನನ್ನ ಹಳೆಯ ವಿದ್ಯಾರ್ಥಿಗಳೇ.

"ಸರ್, ಕಾಯಿಸಿದ್ರ ಕಬ್ಬಿಣ ಹಿಗ್ಗತದ ಅಂತ ನೀವೇ ಕಲಿಸೀರಲ್ಲ?"

ತರಗತಿಯಲ್ಲಿ ಎಂದೂ ಬಾಯಿ ಬಿಡದಿದ್ದ ಹುಡುಗ. ಇಷ್ಟು ಜನರೆದುರು ನನ್ನ ಪಾಠವನ್ನು ನನಗೇ ಒಪ್ಪಿಸಿದರೆ ಇಲ್ಲ ಅನ್ನಲಾದೀತೇ? ಒಳಗೆ ಹೋಗಿ ಕಾಗದ ತೆಗೆದು ಲೆಕ್ಕ ಹಾಕಿದೆ. ಒಂದು ಮೀಟರ್ ಕಬ್ಬಿಣದ ಸಲಾಕಿಯನ್ನು 100 ಡಿಗ್ರಿ ಕಾಯಿಸಿದರೆ ಹಿಗ್ಗುವುದು 1.2 ಮಿಲಿಮೀಟರ್. ಬಿಜಾಗರಿಯ ತೂತು ಇರುವುದು ಒಂದು ಸೆಂಟಿಮೀಟರ್. ಅದು ಹಿಗ್ಗುವುದು 0.012 ಮಿಲಿಮೀಟರ್. ಕೂದಲೆಳೆಯ ದಪ್ಪವೂ ಅಲ್ಲ. ಆದರೂ ಹಿಗ್ಗು ಹಿಗ್ಗೇ. ಬೆಂಕಿ ಬೇಡ, ಸ್ಪ್ರೇ ಹೊಡೆದ ಜಾಗ ಭಗ್ಗನೆ ಹೊತ್ತಿಕೊಂಡೀತು ಅಂತ ವಿವೇಕ ಹೇಳಿತು. ಆಗ ಕಣ್ಣಿಗೆ ಬಿದ್ದದ್ದು ಇಸ್ತ್ರಿ ಪೆಟ್ಟಿಗೆ.

ಇಸ್ತ್ರಿಯನ್ನು ಕಾಟನ್ ನಂಬರಿಗೆ ತಿರುಗಿಸಿ ಬಿಜಾಗರಿಗೆ ಒತ್ತಿ ಹಿಡಿದೆ. ಶೇಂಗಾ ಎಣ್ಣೆಯೂ ಪೇಂಟೂ ಕೂಡಿ ಹೊಗೆ ಎದ್ದಿತು. ಹೊರಗಿನ ಜನ "ಭಜಿ ಕರೀಲತ್ತಾರ" ಅಂದುಕೊಂಡು ಇನ್ನೂ ಹತ್ತಿರ ಬಂದರು. ಕಬ್ಬಿಣ ಹಿಗ್ಗಿತೋ ಇಲ್ಲವೋ ಕಾಣಲಿಲ್ಲ. ಇಸ್ತ್ರಿಯ ತಳಕ್ಕೆ ಮೆತ್ತಿದ ಚಾಕಲೇಟ್ ಬಣ್ಣ ಮಾತ್ರ ಎದ್ದು ಕಾಣುತ್ತಿತ್ತು. ಮನೆಯಾಕೆಗೆ ಗೊತ್ತಾಗುವ ಮೊದಲು ಒರೆಸಿಬಿಡೋಣ ಅಂತ ಹತ್ತಿರ ಸಿಕ್ಕ ಬಟ್ಟೆಯ ಮೇಲೆ ಉಜ್ಜಿದೆ. ಅದು ನನ್ನ ಹಬ್ಬದ ಬಿಳಿ ಅಂಗಿ.

ಈಗ ನಾನು ನಿಮಗೆ ಹೇಳಬೇಕಾದ ಪ್ರಸಂಗಕ್ಕೆ ಬಂದೆ. ಬೀಗರಿರುವ ಓದುಗರು ಸ್ವಲ್ಪ ಕನಿಕರದಿಂದ ಓದಬೇಕು.

ಮಾರನೇ ಮಧ್ಯಾಹ್ನ, ಓಣಿಯಲ್ಲಿ ಯಾರೂ ಇಲ್ಲದ್ದು ನೋಡಿ, ಟ್ರಂಕಿನ ಮೇಲೆ ಹತ್ತಿ ನಿಂತು ಒಳಗಿನಿಂದ ಒಂದು ಉಪಾಯ ಮಾಡಿದೆ. ಬಾಗಿಲ ಹೊರಮೈಗೆ ಒಂದು ಕೊಂಡಿಯಿದೆ. ಅದನ್ನು ಹೊರಗಿನಿಂದ ಹಿಡಿದು ಒಳಕ್ಕೆ ಜಗ್ಗಿದರೆ? ಕೈ ತೂರಲು ಜಾಗವಿದ್ದದ್ದು ಒಂದೇ ಕಡೆ, ನವಿಲಿನ ಕೊರಳು ಬಾಗಿರುವಲ್ಲಿ. ಬಲಗೈ ಸಲೀಸಾಗಿ ಹೋಯಿತು. ಮೊಣಕೈ ಕೂಡ ಹೋಯಿತು. ಕೊಂಡಿ ಸಿಕ್ಕಿತು, ಜಗ್ಗಿದೆ, ಆಗಲಿಲ್ಲ. ಕೈ ಹಿಂದಕ್ಕೆ ಎಳೆದುಕೊಂಡರೆ ಮೊಣಕೈ ಬರಲಿಲ್ಲ. ಹೋಗುವಾಗ ಇದ್ದ ಮೊಣಕೈಯೇ, ಬರುವಾಗ ಯಾಕೆ ದಪ್ಪ ಆಗುತ್ತದೆ ಅನ್ನುವುದನ್ನು ಯಾವ ಪಠ್ಯಪುಸ್ತಕವೂ ಹೇಳಿಲ್ಲ. ಎಳೆದಷ್ಟೂ ಬಾತುಕೊಂಡಿತು. ಮನೆಯಾಕೆಯನ್ನು ಕೂಗಬಹುದಿತ್ತು. ಆದರೆ ಅವಳು ಈಗಷ್ಟೇ ಇಸ್ತ್ರಿ ನೋಡಿದ್ದಳು.

ಹಾಗೆ ಮೈ ಒಳಗೆ, ಕೈ ಬೀದಿಗೆ ಮಾಡಿ ನಿಂತಿರುವಾಗ ಹೊರಗೆ ಜೀಪು ನಿಂತ ಸದ್ದು. ಬಸವಕಲ್ಯಾಣದ ಬೀಗರು. ಮಗಳ ಅತ್ತೆ ಮಾವ. ಮಾಣಿಕನಗರಕ್ಕೆ ಮಾಣಿಕಪ್ರಭುಗಳ ದರ್ಶನಕ್ಕೆ ಬಂದವರು ಹೇಳದೆ ಕೇಳದೆ ಹಾಗೇ ಇತ್ತ ಬಂದಿದ್ದರು.

"ಶರಣು ಶರಣಾರ್ಥಿ ಬೀಗರ" ಅಂತ ಬೀಗರು ಬೀದಿಯಿಂದಲೇ ನನ್ನ ಕೈಗೆ ಅಂದರು.

ಎರಡೂ ಕೈ ಜೋಡಿಸಿ ಶರಣಾರ್ಥಿ ಹೇಳಬೇಕು, ಅದು ಪದ್ಧತಿ. ಒಂದು ಕೈ ಒಳಗೆ, ಒಂದು ಹೊರಗೆ. ಹೊರಗಿನದನ್ನೇ ನಾಲ್ಕು ಸಲ ಅಲ್ಲಾಡಿಸಿದೆ. ಒಳಗಿನದನ್ನು ಎದೆಗೆ ಹಚ್ಚಿಕೊಂಡೆ, ಅದು ಅವರಿಗೆ ಕಾಣಲಿಲ್ಲ.

"ಕೈ ಯಾಕ ಹೊರಗದ?"

"ಗಾಳಿ ಹ್ಯಾಂಗದ ಅಂತ ನೋಡ್ಲತ್ತೀನ್ರಿ."

ಬೀಗರು ಕಂದಾಯ ಇಲಾಖೆಯಲ್ಲಿ ಇದ್ದು ನಿವೃತ್ತರಾದವರು. ಯಾವುದನ್ನೂ ಒಂದೇ ಸಲಕ್ಕೆ ನಂಬುವವರಲ್ಲ. ಆದರೆ ನಮ್ಮ ಬೀಗಿತಿ ಭಕ್ತಿವಂತೆ. ಒಡ್ಡಿದ ಅಂಗೈ ಕಂಡಕೂಡಲೇ, "ಪ್ರಸಾದ ತಗೋರಿ ಅಣ್ಣಾವ್ರ" ಅಂತ ಮಾಣಿಕನಗರದ ಪ್ರಸಾದವನ್ನು ಅದರಲ್ಲಿ ಇಟ್ಟೇಬಿಟ್ಟರು. ಪುಣ್ಯಕ್ಕೆ ಅದು ಬಲಗೈ.

ನನ್ನ ಅವಸ್ಥೆ ನೋಡಿ. ಪ್ರಸಾದ ಕೆಳಗೆ ಬೀಳಬಾರದು, ಮುಷ್ಟಿ ಬಿಗಿ ಹಿಡಿಯಬೇಕು. ಮುಷ್ಟಿ ಬಿಗಿ ಹಿಡಿದರೆ ತೋಳು ಉಬ್ಬುತ್ತದೆ, ಮೊಣಕೈ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಮುಷ್ಟಿ ಬಿಡಿಸಿದರೆ ಪಾಪ, ಹಿಡಿದರೆ ನೋವು. ಎದುರು ಮನೆಯ ಆಯಿ ಈ ಹೊತ್ತಿಗೆ ಕಟ್ಟೆಗೆ ಬಂದು ಕೂತಿದ್ದಳು. "ಮಾಸ್ತರದ್ದು ಕೈ ಸಿಕ್ಕದ. ಆಗಳಿಂದ ನೋಡ್ಲತ್ತೀನಿ" ಅಂತ ಬೀಗರಿಗೆ ವರದಿ ಒಪ್ಪಿಸಿದಳು. ಆಗಳಿಂದ ನೋಡುತ್ತಿದ್ದಳಂತೆ!

ಮನೆಯಾಕೆ ಓಡಿ ಬಂದಳು. ಒಳಗೆ ನನ್ನ ಕಡೆಗಲ್ಲ, ಹೊರಗೆ ನನ್ನ ಕೈಯ ಕಡೆಗೆ. ಬೀಗರಿಗೆ ನೀರು ಕೊಟ್ಟು, ಕುಶಲ ಕೇಳಿ, ಆಮೇಲೆ ನನ್ನ ಮುಷ್ಟಿ ಬಿಡಿಸಿ ಪ್ರಸಾದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. "ಪ್ರಸಾದ ಒಂದ ಕೈಯಾಗ ತಗೋತಾರೇನ್ರಿ? ಎರಡೂ ಕೈ ಒಡ್ಡಬೇಕು" ಅಂತ ಗೋಡೆಯ ಆಚೆಯಿಂದ ಬೈದಳು. ಮತ್ತೆ ಬಟ್ಟೆ ಒಗೆಯುವ ಸಾಬೂನು, ಒಂದು ತಂಬಿಗೆ ನೀರು ತಂದು, ನನ್ನ ತೋಳನ್ನು ಬೀದಿಯಲ್ಲಿ ಎಲ್ಲರೆದುರು ತಿಕ್ಕಿದಳು. ಬೀಗರು ಹೊರಗಿನಿಂದ ನೂಕಿದರು. ಕಂದಾಯ ಇಲಾಖೆಯ ನೂಕು. ನಾನು ಟ್ರಂಕು, ಗಾದಿ, ಗಡಿಯಾರದ ಡಬ್ಬಿ ಸಮೇತ ಕೋಣೆಯ ಆ ತುದಿಗೆ ಹೋಗಿ ಬಿದ್ದೆ. ಎದ್ದು, ಮೈ ಕೊಡವಿಕೊಂಡು, ಅವರೆದುರು ಹೋಗಲು ಅಂಗಿ ಹಾಕಿಕೊಂಡೆ. ಆ ಅಂಗಿಯ ಎದೆಯ ಮೇಲೆ ಚಾಕಲೇಟ್ ಬಣ್ಣದಲ್ಲಿ ಇಸ್ತ್ರಿಯ ಅಚ್ಚು ಇತ್ತು. ಯಾರೂ ಏನೂ ಕೇಳಲಿಲ್ಲ. ಬೀಗತನ ಅಂದರೆ ಅದು.

ಬೀಗರು ಹೋದ ಮೇಲೆ ಮನೆಯಾಕೆ ನನ್ನನ್ನು ಕೇಳದೆ ವೆಲ್ಡಿಂಗ್ ಹುಡುಗನನ್ನು ಕರೆಸಿದಳು. ಹಳೆಯವನಲ್ಲ, ಹೊಸಬ. ಅವನು ಗ್ರಿಲ್ಲು ನೋಡಿದ, ನನ್ನನ್ನು ನೋಡಿದ, "ಕಟ್ ಮಾಡ್ಬೇಕ್ರಿ" ಅಂದ. ನಾನು ಜಂಗಿನ ರಸಾಯನಶಾಸ್ತ್ರ ಶುರು ಮಾಡುವಷ್ಟರಲ್ಲಿ ಗ್ರೈಂಡರ್ ಕಿರುಚಿತು. ಕಿಡಿ ಹಾರಿದವು. ಬಿಜಾಗರಿ ಎರಡು ಹೋಳಾಗಿ, ನವಿಲು ಅವನ ತೋಳಿಗೆ ಬಂತು.

ಅವನು ಕತ್ತರಿಸಿದ ತುಂಡನ್ನು ಬೆರಳಿಂದ ಒರೆಸಿ ನನ್ನ ಕೈಗಿಟ್ಟ. "ಸರ್, ನೋಡ್ರಿ. ಒಳಗ ಜಂಗೇ ಇಲ್ಲ. ಗ್ರೀಸ್ ಹಂಗೇ ಅದಾ."

ನೋಡಿದೆ. ಪಿನ್ನು ಹೊಸದರ ಹಾಗೇ ಹೊಳೆಯುತ್ತಿತ್ತು. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಮಾತ್ರ ಬಣ್ಣ ಕಲ್ಲಾಗಿ ಕೂತಿತ್ತು. ಕತ್ತರಿಸಿದ ಅಂಚಿನಲ್ಲಿ ಅದರ ಪದರಗಳನ್ನು ಎಣಿಸಬಹುದಿತ್ತು. ಎಲ್ಲಕ್ಕಿಂತ ಒಳಗೆ ಕೆಂಪು ಪ್ರೈಮರ್, ಮೇಲೆ ಗೃಹಪ್ರವೇಶದ ಬೂದು, ಅದರ ಮೇಲೆ ಹಸಿರು, ಮಗಳ ಲಗ್ನಕ್ಕೆ ಹಚ್ಚಿದ ನೀಲಿ, ಅರ್ಧ ಡಬ್ಬಿ ಸಿಲ್ವರ್ ಉಳಿದಿದೆ ಅಂತ ಹಚ್ಚಿದ ಸಿಲ್ವರ್, ಕೊನೆಗೆ ಅಗ್ಗಕ್ಕೆ ಸಿಕ್ಕ ಚಾಕಲೇಟ್. ಪೇಂಟರಿಗೆ ಯಾಕೆ ರೊಕ್ಕ ಅಂತ ಪ್ರತಿ ಸಲ ಬ್ರಶ್ ಹಿಡಿದವರು ಯಾರು ಅನ್ನುವ ಮಾತು ಇಲ್ಲಿ ಬೇಡ. ಸಂದಿ ಬಿಡದೆ ಎಷ್ಟು ನಿಷ್ಠೆಯಿಂದ ಹಚ್ಚಿದ್ದಾರೆ ಅನ್ನುವುದನ್ನಾದರೂ ಮೆಚ್ಚಬೇಕು.

"ಒಂದು ಬ್ಲೇಡ್ ತಗೊಂಡು ಸುತ್ತ ಕೊರೆದಿದ್ರ ತೆರೀತಿತ್ತು ನೋಡ್ರಿ" ಅಂದ ಹುಡುಗ. ಗ್ರೈಂಡರ್ ಚೀಲಕ್ಕೆ ಹಾಕಿಕೊಂಡ ಮೇಲೆ ಅಂದ.

ಮನೆಯಾಕೆ ನಕ್ಕಳೇ ಅಂತ ಓರೆಗಣ್ಣಲ್ಲಿ ನೋಡಿದೆ. ಅವಳು ಫರಸಿಯ ಮೇಲಿನ ನನ್ನ ಸೀಮೆಸುಣ್ಣದ ಚಿತ್ರವನ್ನು ಒದ್ದೆ ಅರಿವೆಯಿಂದ ಒರೆಸುತ್ತಿದ್ದಳು.

ಹೊಸ ಬಾಗಿಲು ಸಾದಾ ಇರಲಿ, ನೆಟ್ಟಗೆ ನಾಲ್ಕು ಸಲಾಕಿ, ಪಕ್ಷಿ ಬೇಡ ಅಂತ ಅವಳೇ ಆರ್ಡರ್ ಕೊಟ್ಟಳು. ನವಿಲನ್ನು ಭಂಗಾರದವನು ತೂಕ ಮಾಡಿ ಒಯ್ದ. ಕಿಲೋ ಲೆಕ್ಕದಲ್ಲಿ ಬಂದದ್ದು ಕಿಲೋ ಲೆಕ್ಕದಲ್ಲೇ ಹೋಯಿತು. ದರದಲ್ಲಿ ಮಾತ್ರ ಭಾರೀ ವ್ಯತ್ಯಾಸ. ವೆಲ್ಡಿಂಗ್ ಹುಡುಗ "ನಾಳೆ ತರ್ತೀನ್ರಿ" ಅಂದ. ವೆಲ್ಡಿಂಗಿನವರ ನಾಳೆ ಪಂಚಾಂಗದಲ್ಲಿ ಇರುವುದಿಲ್ಲ. ಅಷ್ಟು ದಿನ ಆ ಬಾಯಿಗೆ ಹಳೇ ಚಾದರ ಕಟ್ಟಿದೆವು. ಚಾದರ ಸರಿಸಿ ಒಂದು ಮಂಗ ಒಳಗೆ ಬಂದು, ಬೀಗರು ತಂದ ಬಾಳೆಹಣ್ಣಿನ ಗೊನೆಯನ್ನು ಪೂರ್ತಿ ಹೊತ್ತುಕೊಂಡು, ಹೋಗುವಾಗ ಚಾದರವನ್ನೂ ಒಯ್ದಿತು. ನಾನು ಕೈ ಸಿಕ್ಕಿಸಿಕೊಂಡ ಜಾಗದಲ್ಲೇ ಅದು ಗೊನೆ ಸಮೇತ ಸರ್ರನೆ ಹೊರಗೆ ಹಾಯಿತು.

ಗ್ಯಾಸ್ ಸಿಲಿಂಡರಿನ ಹುಡುಗ ಮನೆ ಸಿಗದೆ ಓಣಿಯಲ್ಲಿ ಎರಡು ಸುತ್ತು ಹೊಡೆದು ವಾಪಸು ಹೋದ. ಫೋನ್ ಮಾಡಿದರೆ, "ಸರ್, ಕೋಳಿ ಇಲ್ರಿ ಅಲ್ಲಿ" ಅಂದ. ಎದುರು ಮನೆಯ ಆಯಿ ಈಗ ಕೇಳಿದವರಿಗೆ 'ಕೋಳಿ ಹಾರಿಹೋದ ಮನಿ' ಅಂತ ತೋರಿಸುತ್ತಾಳೆ. ಗುರುತು ಇನ್ನೂ ಪಕ್ಕಾ ಆಯಿತು.

ಕಡೆಗೂ ಹೊಸ ಬಾಗಿಲು ಬಂತು, ತೆರೆಯಿತು, ಮುಚ್ಚಿತು. ಕೂಲರನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿದೆವು. ಬಾಗಿಲಿನ ಬಾಯಿ 18 ಇಂಚು. ಕೂಲರಿನ ಬಾಯಿ 20 ಇಂಚು. ಅಳತೆ ತೆಗೆದದ್ದು ನಾನೇ, ಟೇಪಿನಲ್ಲೇ ತೆಗೆದದ್ದು. ಆದರೆ ನಾನು ಅಳೆದದ್ದು ಚೌಕಟ್ಟಿನ ಹೊರಮೈ. ಲೈನ್‌ಮನ್ ಬಂದು ಕೂಲರನ್ನು ಸ್ವಲ್ಪ ಓರೆ ಇಟ್ಟು, ಸುತ್ತ ರಟ್ಟು ಕಟ್ಟಿ, ಗಾಳಿ ಒಳಗೆ ಹೋಗುವಂತೆ ಮಾಡಿಕೊಟ್ಟರು. ಓರೆ ಇಟ್ಟಿದ್ದರಿಂದ ಗಾಳಿ ಪೂರ್ತಿಯಾಗಿ ಮನೆಯಾಕೆಯ ಹಾಸಿಗೆಗೆ ಹೋಗುತ್ತದೆ. ನನ್ನ ಕಡೆ ಗೋಡೆಗೆ ಹೊಡೆದು ತಿರುಗಿದ್ದು ಏನಾದರೂ ಬಂದರೆ ಉಂಟು.

ಹೀಗೆ ಸುಖವಾಗಿರುವಾಗ ನಿನ್ನೆ ಬಸವಕಲ್ಯಾಣದಿಂದ ಬೀಗರ ಫೋನು. "ಬೀಗರ, ನಮ್ಮ ಮನ್ಯಾಗಿಂದು ಹಿಂದಿನ ಖಿಡಕಿ ಗ್ರಿಲ್ ಜಾಮ್ ಆಗ್ಯಾದ. ನಿಮಗ ಅನುಭವ ಅದಾ, ಒಂದೀಟು ಬಂದು ಹೋಗ್ತೀರೇನು?"

ಅನುಭವ! ಬೀಗರ ಬಾಯಿಂದ ಇಂಥ ಮಾತು ಬಂದ ಮೇಲೆ ಕೂತಿರಲು ಆಗುತ್ತದೆಯೇ? ಬ್ಲೇಡಿನಿಂದ ಕೊರೆಯುವ ಶಾಸ್ತ್ರವನ್ನು ಅವರಿಗೆ ಹ್ಯಾಗೆ ವಿವರಿಸಬೇಕು ಅಂತ ರಾತ್ರಿಯೆಲ್ಲ ಮಾತು ಜೋಡಿಸಿದೆ. ಇವತ್ತು ಬೆಳಿಗ್ಗೆ ಬಿಳಿ ಅಂಗಿಯ ಮೇಲೆ ಜಾಕೀಟು ಹಾಕಿ ಎದೆಯ ಕಲೆ ಮುಚ್ಚಿಕೊಂಡು, ಹುಮನಾಬಾದದಲ್ಲಿ ಬಸ್ ಬದಲಿಸುವುದು ಅಂತ ಲೆಕ್ಕ ಹಾಕಿ ಹೊರಟಿದ್ದೇನೆ. ಚೀಲದಲ್ಲಿ ಸ್ಪ್ರೇ ಡಬ್ಬಿ, ಹಥೋಡಿ, ಒಂದು ಪಾಕೀಟು ಬ್ಲೇಡು. ರೊಟ್ಟಿ ಬುತ್ತಿಯ ಕೆಳಗೆ ಇನ್ನೇನೋ ಗಟ್ಟಿಯಾದದ್ದು ಕೈಗೆ ತಾಗಿತು. ತೆಗೆದು ನೋಡಿದೆ. ಮನೆಯಾಕೆ ಬಟ್ಟೆ ಸಾಬೂನು ಇಟ್ಟಿದ್ದಾಳೆ.